ಕೆಂಪು ಗುಂಡು ಹಿಂದೆ ಇಟ್ಟು ತೇಜಸ್ ಹಾರಿಸಿದ್ದು: ನನ್ನ ಅನುಭವ

ಸಿಂಪಲ್‌ಪ್ಲೇನ್ಸ್ ಅನ್ನುವ, ವಿಮಾನ ಕಟ್ಟಿ ಹಾರಿಸುವ ಆಟದಲ್ಲಿ ಬಾಲವಿಲ್ಲದ ಡೆಲ್ಟಾ (ತ್ರಿಕೋನ ರೆಕ್ಕೆಯ ವಿಮಾನ) ಕಟ್ಟಿದವರೆಲ್ಲ ಮೊದಲು ಕಲಿಯುವ ಪಾಠ ಒಂದೇ. ಆಟ ತೋರಿಸುವ ಕೆಂಪು ಗುಂಡು, ಅಂದರೆ ತೂಕದ ಕೇಂದ್ರ, ಮುಂದೆ; ನೀಲಿ ಗುಂಡು, ಅಂದರೆ ಲಿಫ್ಟ್‌ನ (ಎತ್ತುವ ಬಲದ) ಕೇಂದ್ರ, ಹಿಂದೆ. ತೂಕದ ಕೇಂದ್ರ ಹಿಂದಕ್ಕೆ ಹೋಯಿತೋ, ವಿಮಾನ ಪಲ್ಟಿ. ನನ್ನ ತೇಜಸ್‌ನಲ್ಲಿ ಕೆಂಪು ಗುಂಡು ನೀಲಿಗಿಂತ ಹಿಂದೆಯೇ ಇದೆ. ಜೈರೋ (ವಿಮಾನವನ್ನು ತಾನಾಗಿ ನೇರ ಹಿಡಿಯುವ ತುಂಡು) ಇಲ್ಲ. ಒಳಗೆ ಬಚ್ಚಿಟ್ಟ ರೆಕ್ಕೆ ಇಲ್ಲ. ಡ್ರ್ಯಾಗ್ (ಗಾಳಿಯ ತಡೆ) ಸೊನ್ನೆ ಮಾಡಿಲ್ಲ. ಆದರೂ ಹಾರುತ್ತದೆ, ಚೆನ್ನಾಗಿಯೇ ತಿರುಗುತ್ತದೆ.

ಮೊದಲು ತೋರಿಸಿದಾಗ ಗೆಳೆಯನೊಬ್ಬ ಕೇಳಿದ್ದು ಒಂದೇ ಪ್ರಶ್ನೆ: "ಗುರು, ಜೈರೋ ಎಲ್ಲಿ ಬಚ್ಚಿಟ್ಟಿದ್ದೀಯ, ಅದು ಹೇಳು." ಫೈಲನ್ನೇ ಕೈಗೆ ಕೊಟ್ಟೆ. ಒಂದೊಂದೇ ತುಂಡು ಬಿಚ್ಚಿ ಹುಡುಕಿದ. ಸಿಗಲಿಲ್ಲ. ಆಮೇಲೆ ಅವನೇ "ಅದು ಹೇಗೆ ಮಾಡಿದೆ, ಬರೆದು ಕೊಡು" ಅಂತ ಹಿಂದೆ ಬಿದ್ದ. ಅವನ ಕಾಟ ತಡೆಯಲಾರದೆ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಯುದ್ಧವಿಮಾನ ತೇಜಸ್ಸೇ ಯಾಕೆ ಅಂದರೆ, ನಮ್ಮ ಮನೆ ಇರುವುದು ಅದನ್ನು ತಯಾರಿಸುವ ಎಚ್‌ಎಎಲ್ ಕಡೆ. ವಾರಕ್ಕೆ ಒಂದೆರಡು ಸಲವಾದರೂ ತಲೆ ಮೇಲೆ ಸದ್ದು ಕೇಳಿಸುತ್ತದೆ. ನಿಜವಾದ ಅಳತೆಗೇ ಕಟ್ಟಿದೆ: ಉದ್ದ 13.2 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 8.2 ಮೀಟರ್. ರೆಕ್ಕೆಯ ಮುಂದಿನ ಅಂಚು ಎರಡು ಕೋನದಲ್ಲಿ ಇರುತ್ತದೆ. ಒಳಗಡೆ 50 ಡಿಗ್ರಿ, ಹೊರಗಡೆ 62 ಚಿಲ್ಲರೆ. ಆಟದಲ್ಲಿ ಒಂದು ರೆಕ್ಕೆ ತುಂಡಿನ ತುದಿಗೆ ಇನ್ನೊಂದನ್ನು ಅಂಟಿಸಿದರೆ ಆಯಿತು. ಹೊರಗಿನ ಆಕಾರ ಒಂದು ಶನಿವಾರದ ಕೆಲಸ. ತಲೆನೋವು ಶುರುವಾಗಿದ್ದು ಹಾರಿಸಿದ ಮೇಲೆ.

ಮೊದಲು ಎಲ್ಲರ ಹಾಗೆ ಕೆಂಪನ್ನು ಮುಂದಿಟ್ಟೇ ಹಾರಿಸಿದೆ. ಬಾಲ ಇದ್ದರೆ ದೂರದಲ್ಲಿ ಕೂತು ಸ್ವಲ್ಪ ಒತ್ತಿದರೂ ಮೂಗು ಏಳುತ್ತದೆ. ಬಾಲವಿಲ್ಲದ ಡೆಲ್ಟಾದಲ್ಲಿ ಮೂಗು ಎತ್ತುವ ಕೆಲಸ ರೆಕ್ಕೆಯ ಹಿಂದಂಚಿನಲ್ಲಿ ತಿರುಗುವ ಹಲಗೆ, ಎಲಿವಾನ್‌ನದು. ಅದು ಮೇಲಕ್ಕೆ ತಿರುಗಿ ರೆಕ್ಕೆಯ ಹಿಂಭಾಗವನ್ನು ಕೆಳಕ್ಕೆ ಒತ್ತಬೇಕು. ಅಂದರೆ ಮೇಲೇಳಬೇಕಾದ ಹೊತ್ತಿನಲ್ಲೇ ಎತ್ತುವ ಬಲವನ್ನು ಕೈಯಾರೆ ಕಳೆದುಕೊಂಡ ಹಾಗೆ. ಆಟದ ರೈಟ್ ಏರ್‌ಪೋರ್ಟ್‌ನ ರನ್‌ವೇ ಬಹುತೇಕ ಮುಗಿದ ಮೇಲೆ ಚಕ್ರ ಬಿಡುತ್ತಿತ್ತು. ಗಂಟೆಗೆ ಸುಮಾರು 600 ಕಿಲೋಮೀಟರ್ ವೇಗದಲ್ಲಿ ಪೂರ್ತಿ ಒಂದು ಸುತ್ತು ತಿರುಗಲು 20 ಸೆಕೆಂಡ್ ಆಗುತ್ತಿತ್ತು. ಜೆಟ್ ಹಾರಿಸಿದ ಹಾಗೆ ಅನ್ನಿಸುತ್ತಲೇ ಇರಲಿಲ್ಲ.

ರೆಕ್ಕೆಯ ಏರ್‌ಫಾಯಿಲನ್ನು (ಅಡ್ಡ ಕೊಯ್ದರೆ ಕಾಣುವ ಆಕಾರ) ಸೆಮಿ-ಸಿಮೆಟ್ರಿಕ್, ಅಂದರೆ ಮೇಲ್ಭಾಗ ಹೆಚ್ಚು ಉಬ್ಬಿದ ಹಾಗೆ ಮಾಡಿದರೆ ಲಿಫ್ಟ್ ಜಾಸ್ತಿ ಸಿಗುತ್ತದೆ ಅಂತ ಕೆಲವರು ಹೇಳಿದರು. ಸಿಗುತ್ತದೆ, ಸುಳ್ಳಲ್ಲ. ಆದರೆ ಆ ಲಿಫ್ಟ್ ಬೀಳುವುದು ಕೆಂಪು ಗುಂಡಿನ ಹಿಂದೆ. ವೇಗ ಏರಿದಷ್ಟೂ ಮೂಗು ಕೆಳಗೆ. ಮೂಗನ್ನು ಸದಾ ಎತ್ತಿ ಹಿಡಿಯಲು ಇರುವ ಟ್ರಿಮ್ ಸ್ಲೈಡರ್ ಪೂರ್ತಿ ಎಳೆದರೂ ಸಾಲದು. ಮೇಲೆ ಕೆಳಗೆ ಒಂದೇ ಸಮ ಇರುವ ಸಿಮೆಟ್ರಿಕ್‌ಗೇ ವಾಪಸ್ ಬಂದೆ. ಬಾಲವಿಲ್ಲದ ವಿಮಾನಕ್ಕೆ ಬೇರೆ ಯಾವ ಏರ್‌ಫಾಯಿಲೂ ಬೇಡ, ಇದು ನನ್ನ ಖಚಿತ ಅಭಿಪ್ರಾಯ.

ನಿಜವಾದ ತೇಜಸ್‌ನಲ್ಲೂ ಇದೇ ತೊಂದರೆ ಇತ್ತಲ್ವಾ? ಅವರು ಕಂಡುಕೊಂಡ ದಾರಿ ಏನೆಂದರೆ, ವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ಕಟ್ಟಿ, ಬೀಳದ ಹಾಗೆ ಹಿಡಿಯುವ ಕೆಲಸವನ್ನು ಕಂಪ್ಯೂಟರ್‌ಗೆ ಬಿಡುವುದು. ಅದಕ್ಕೆ ಡಿಜಿಟಲ್ ಫ್ಲೈ-ಬೈ-ವೈರ್, ಅಂದರೆ ಪೈಲಟ್‌ನ ಸ್ಟಿಕ್ಕಿಗೂ ರೆಕ್ಕೆಗೂ ನಡುವೆ ಕಂಪ್ಯೂಟರ್; ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ನಾಲ್ಕು ಸಾಲು. ಮೊದಲ ವಿಮಾನ ಹ್ಯಾಂಗರ್‌ನಿಂದ ಹೊರಗೆ ಬಂದಿದ್ದು 1995ರ ನವೆಂಬರ್‌ನಲ್ಲಿ, ಹಾರಿದ್ದು 2001ರ ಜನವರಿ 4ಕ್ಕೆ. ನಡುವಿನ ಐದು ವರ್ಷದಲ್ಲಿ ದೊಡ್ಡ ಪಾಲು ಈ ಕಂಟ್ರೋಲ್ ಲಾ (ಕಂಪ್ಯೂಟರ್ ಪಾಲಿಸುವ ಸೂತ್ರ) ಕೆಲಸದ್ದು. 1998ರ ಅಣು ಪರೀಕ್ಷೆಯ ನಂತರ ಅಮೆರಿಕದ ನಿರ್ಬಂಧ ಬೇರೆ ಬಂತು, ಅಲ್ಲಿ ನಡೆಯುತ್ತಿದ್ದ ಕೆಲಸ ನಿಂತಿತು. ನನಗೆ ಅಷ್ಟು ಕಷ್ಟ ಇರಲಿಲ್ಲ ಬಿಡಿ. ನನ್ನ ಹತ್ತಿರ ಫಂಕಿ ಟ್ರೀಸ್, ಅಂದರೆ ಆಟದೊಳಗೇ ಸೂತ್ರ ಬರೆಯುವ ಸೌಲಭ್ಯ ಇತ್ತು.

ಕೆಂಪು ಗುಂಡನ್ನು ಹಿಂದಕ್ಕೆ ತರಲು ಡೆಡ್ ವೇಟ್ (ಬರೀ ಭಾರದ ತುಂಡು) ಹಾಕಬೇಡಿ. ಹಿಂದಿನ ಫ್ಯೂಸಲಾಜ್ (ವಿಮಾನದ ಒಡಲು) ಬ್ಲಾಕ್‌ಗಳಿಗೆ ಮಾತ್ರ ಇಂಧನ ತುಂಬಿ, ಮುಂದಿನವನ್ನು ಖಾಲಿ ಬಿಡಿ. ನನ್ನದರಲ್ಲಿ ಟ್ಯಾಂಕ್ ತುಂಬಿದಾಗ ಕೆಂಪು, ನೀಲಿಗಿಂತ ಒಂದು ಗೇಣಿನಷ್ಟು ಹಿಂದೆ. ಅದಕ್ಕಿಂತ ಹಿಂದೆ ಹೋದರೆ ಎಲಿವಾನ್ ಪೂರ್ತಿ ತಿರುಗಿದರೂ ಮೂಗು ಕೆಳಗೆ ಬರುವುದಿಲ್ಲ. ಹಿಂದಿನ ಚಕ್ರಗಳನ್ನೂ ಜೊತೆಗೇ ಹಿಂದಕ್ಕೆ ಸರಿಸಿ. ಇಲ್ಲದಿದ್ದರೆ ಆಟ ಶುರುವಾಗಿ ರನ್‌ವೇ ಮೇಲೆ ಕಾಣಿಸಿಕೊಂಡಾಗಲೇ ವಿಮಾನ ಕುಂಡೆ ಊರಿ ಕೂರುತ್ತದೆ.

ಇನ್ನು ಸೂತ್ರ. ತುಂಡಿನ ಬೆಲೆಗಳನ್ನು ತಿದ್ದುವ ಓವರ್‌ಲೋಡ್ ತೆರೆದು ಒಳಗಿನ ಎಲಿವಾನ್‌ನ ಇನ್‌ಪುಟ್ ಜಾಗದಲ್ಲಿ ಪಿಚ್ (ಮೂಗು ಮೇಲೆ-ಕೆಳಗೆ) ಅಂತ ಇರುವುದನ್ನು ಅಳಿಸಿ. ಅಲ್ಲಿ ಪಿಐಡಿ ಫಂಕ್ಷನ್ ಹಾಕಿ: ಗುರಿಗೂ ಈಗಿನ ಬೆಲೆಗೂ ಇರುವ ವ್ಯತ್ಯಾಸ ನೋಡಿ ಸರಿಪಡಿಸುವ ಸೂತ್ರ ಅದು. ಪಿ ಈಗಿನ ವ್ಯತ್ಯಾಸಕ್ಕೆ, ಐ ಕೂಡಿಬಂದ ಬಾಕಿಗೆ, ಡಿ ವ್ಯತ್ಯಾಸ ಬದಲಾಗುವ ವೇಗಕ್ಕೆ. ಗುರಿಯ ಜಾಗದಲ್ಲಿ ಪಿಚ್ ಇನ್‌ಪುಟ್ ಗುಣಿಸು 30. ಈಗಿನ ಬೆಲೆಯ ಜಾಗದಲ್ಲಿ ಪಿಚ್ ರೇಟ್, ಅಂದರೆ ಮೂಗು ತಿರುಗುತ್ತಿರುವ ವೇಗ. ಅಂದರೆ ಸ್ಟಿಕ್ ಪೂರ್ತಿ ಎಳೆದರೆ ನೀವು ಕೇಳುತ್ತಿರುವುದು "ಸೆಕೆಂಡಿಗೆ 30 ಡಿಗ್ರಿ ಮೂಗು ಎತ್ತು" ಅಂತ. ಎಲಿವಾನ್ ಎಷ್ಟು ತಿರುಗಬೇಕು, ಯಾವ ಕಡೆ ತಿರುಗಬೇಕು ಅನ್ನುವುದು ಸೂತ್ರದ ಜವಾಬ್ದಾರಿ. ಸ್ಟಿಕ್ ಬಿಟ್ಟರೆ ಗುರಿ ಸೊನ್ನೆ, ಮೂಗು ಎಲ್ಲಿತ್ತೋ ಅಲ್ಲೇ. ಪ್ಲಸ್-ಮೈನಸ್ ಒಂದು ಕಡೆ ಉಲ್ಟಾ ಇದ್ದರೆ ಚಕ್ರ ಬಿಟ್ಟ ತಕ್ಷಣ ವಿಮಾನ ಹಿಮ್ಮುಖ ಲಾಗ ಹಾಕುತ್ತದೆ. ಅದನ್ನು ನೋಡಲು ಮಜಾ ಇದೆ, ಒಂದು ಸಲ ನೋಡಿ.

ಹೊರಗಿನ ಎಲಿವಾನ್‌ಗೆ ರೋಲ್ (ಪಕ್ಕಕ್ಕೆ ಹೊರಳುವುದು) ಮಾತ್ರ ಕೊಟ್ಟಿದ್ದೆ. ಆಮೇಲೆ ಪಿಚ್ ಸೂತ್ರದ ಅರ್ಧವನ್ನೂ ಅದಕ್ಕೆ ಸೇರಿಸಿ, ಕ್ಲ್ಯಾಂಪ್‌ನಲ್ಲಿ ಮೈನಸ್ ಒಂದರಿಂದ ಒಂದರೊಳಗೆ ಕಟ್ಟಿ ಹಾಕಿದೆ. ರೋಲ್‌ಗೆ ಪಿಐಡಿ ಬೇಕಾಗಲಿಲ್ಲ.

ಈಗ ನಿಜವಾದ ಗೋಳಿನ ಕಥೆ. ಪಿ ಒಂದನ್ನೇ ಇಟ್ಟು ಹಾರಿಸಿದರೆ ವಿಮಾನ ಪಲ್ಟಿ ಹೊಡೆಯುವುದಿಲ್ಲ, ಆದರೆ ಸ್ಟಿಕ್ ಬಿಟ್ಟ ಮೇಲೂ ಮೂಗು ನಿಧಾನಕ್ಕೆ ಮೇಲಕ್ಕೋ ಕೆಳಕ್ಕೋ ಜಾರುತ್ತಲೇ ಇರುತ್ತದೆ. ಪಿ ಜಾಸ್ತಿ ಮಾಡಿದರೆ ಮೂಗು ಗಡಗಡ ನಡುಗುತ್ತದೆ. ಕಾಕ್‌ಪಿಟ್ ಎದುರಿಗೆ ಒಂದು ಲೇಬಲ್ ಅಂಟಿಸಿ, ಪಿಚ್ ರೇಟ್ ಅದರಲ್ಲಿ ಕಾಣುವ ಹಾಗೆ ಮಾಡಿದೆ. ಸ್ಲೋ ಮೋಷನ್‌ನಲ್ಲಿ ನೋಡಿದರೆ ಸಂಖ್ಯೆ ಮೈನಸ್ ನಾಲ್ಕು, ಪ್ಲಸ್ ಐದು, ಮೈನಸ್ ಐದು, ಪ್ಲಸ್ ಏಳು ಅಂತ ಹಿಗ್ಗುತ್ತಾ ಹೋಗುತ್ತಿತ್ತು. ಹಾಗೆ ಹಿಗ್ಗುತ್ತಿದ್ದರೆ ಪಿ ಅರ್ಧಕ್ಕೆ ಇಳಿಸಿ. ಕುಗ್ಗುತ್ತಿದ್ದರೆ ಕೈ ಹಾಕಬೇಡಿ, ಡಿ ಸ್ವಲ್ಪ ಸೇರಿಸಿದರೆ ಸಾಕು.

ಜಾರುವುದನ್ನು ನಿಲ್ಲಿಸಲು ಐ ಬೇಕೇ ಬೇಕು. ಆದರೆ ಐ ಒಂದು ಕಳ್ಳ. ರನ್‌ವೇ ಮೇಲೆ ಓಡುವಾಗ ನೀವು ಬೇಗ ಸ್ಟಿಕ್ ಎಳೆದಿರಿ ಅಂದುಕೊಳ್ಳಿ. ಚಕ್ರ ನೆಲದಲ್ಲಿದೆ, ಮೂಗು ಏಳುತ್ತಿಲ್ಲ. ಐ ಮಾತ್ರ ಆ ಬಾಕಿಯನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತಾ ಇರುತ್ತದೆ. ಚಕ್ರ ಬಿಟ್ಟ ಕ್ಷಣ ಬಡ್ಡಿ ಸಮೇತ ವಸೂಲಿ. ಮೂಗು ನೆಟ್ಟಗೆ ಆಕಾಶಕ್ಕೆ, ಬಾಲ ನೆಲಕ್ಕೆ, ಬೆಂಕಿ. ಒಂದು ಇಡೀ ರಾತ್ರಿ ಇದೇ ಆಯಿತು. ಇದಕ್ಕೆ ಕಡೆಗೆ ಒಂದು ಉಪಾಯ ಸಿಕ್ಕಿತು. ಅದನ್ನು ಪೂರ್ತಿ ಬಿಚ್ಚಿಡುವುದಿಲ್ಲ. ಲ್ಯಾಂಡಿಂಗ್ ಗೇರ್ ಇನ್‌ಪುಟ್‌ಗೂ ಅದಕ್ಕೂ ಸಂಬಂಧ ಇದೆ ಅಂತಷ್ಟೇ ಹೇಳುತ್ತೇನೆ, ತಲೆ ಇದ್ದವರಿಗೆ ಅಷ್ಟು ಸಾಕು.

ಎಲ್ಲ ಸರಿಹೋಯಿತು ಅಂದುಕೊಂಡು ಗಂಟೆಗೆ 900ರ ಹತ್ತಿರ ಹೋದರೆ ಮತ್ತೆ ನಡುಕ. 250ರಲ್ಲಿ ನೋಡಿದರೆ ಸೋಮಾರಿ. ಕಾರಣ ನಿಮಗೂ ಗೊತ್ತು: ಅದೇ ಎಲಿವಾನ್, ಅದೇ ಕೋನ, ಆದರೆ ವೇಗ ಎರಡು ಪಟ್ಟಾದರೆ ಹೊಡೆತ ನಾಲ್ಕು ಪಟ್ಟು. ಒಂದೇ ಪಿ ಎಲ್ಲ ವೇಗಕ್ಕೂ ಆಗಿಬರುವುದಿಲ್ಲ. ಹಾಗಾಗಿ ಪಿಐಡಿಯಿಂದ ಬಂದ ಉತ್ತರವನ್ನು ವಿಮಾನದ ಮೀಟರ್ ತೋರಿಸುವ ಗಾಳಿಯ ವೇಗ, ಐಎಎಸ್‌ನಿಂದ ಭಾಗಿಸಬೇಕು. ವರ್ಗದಿಂದ ಭಾಗಿಸುವುದೇ ಪುಸ್ತಕದ ಪ್ರಕಾರ ಸರಿ. ಆದರೆ ನನ್ನ ವಿಮಾನದಲ್ಲಿ ಅದರಿಂದ ನಿಧಾನ ವೇಗದಲ್ಲಿ ಎಲಿವಾನ್ ಹುಚ್ಚೆದ್ದು ಕುಣಿಯಿತು. ನಡುವೆ ಎಲ್ಲೋ ಒಂದು ಘಾತ ಇಟ್ಟಿದ್ದೇನೆ, ಅದು ನನ್ನ ಗುಟ್ಟು. ನಿಂತಿರುವಾಗ ವೇಗ ಸೊನ್ನೆ, ಸೊನ್ನೆಯಿಂದ ಭಾಗಿಸಿದರೆ ಸೂತ್ರವೇ ಕೆಡುತ್ತದೆ. ವೇಗಕ್ಕೊಂದು ಕನಿಷ್ಠ ಮಿತಿ ಹಾಕುವುದನ್ನು ಮರೆಯಬೇಡಿ.

ಆಂಗಲ್ ಆಫ್ ಅಟ್ಯಾಕ್ (ಎದುರು ಗಾಳಿಗೆ ರೆಕ್ಕೆ ಹಿಡಿದ ಕೋನ) ಜಾಸ್ತಿಯಾದಾಗ ಸ್ಟಿಕ್‌ನ ಮಾತನ್ನು ಸೂತ್ರ ಕಡಿಮೆ ಕೇಳುವ ಹಾಗೆ ಇನ್ನೊಂದು ಸಾಲು ಸೇರಿಸಿದ್ದೇನೆ. ಅದಿಲ್ಲದಿದ್ದರೆ ಪೂರ್ತಿ ಎಳೆದಾಗ ವಿಮಾನ ಎದೆಯೊಡ್ಡಿ ಗಾಳಿಯಲ್ಲಿ ನಿಂತುಬಿಡುತ್ತದೆ.

ದುಡ್ಡಿನ ವಿಷಯ. ಆಟಕ್ಕೆ ಕೊಟ್ಟಿದ್ದು ಕೆಲವು ನೂರು ರೂಪಾಯಿ ಅಷ್ಟೇ. ಶುರು ಮಾಡಿದ್ದು ಫೋನ್‌ನಲ್ಲಿ. ಫೋನ್ ಬಿಸಿಯಾಗಿ ಬ್ಯಾಟರಿ ಉಬ್ಬಿತು, ಬದಲಿಸಲು ಒಂದೂವರೆ ಎರಡು ಸಾವಿರ ಹೋಯಿತು. ಫೋನ್‌ನಲ್ಲಿ ಇನ್ನೊಂದು ರಗಳೆ: ಫಿಸಿಕ್ಸ್ ಸೆಟ್ಟಿಂಗ್ ಲೋ ಇಟ್ಟರೆ ಅದೇ ಪಿಐಡಿ ನಡುಗುತ್ತದೆ, ಹೈ ಇಟ್ಟರೆ ಫೋನ್ ಕಾದ ಹೆಂಚು. ಕೊನೆಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ, ಹದಿನಾರು ಸಾವಿರದ ಆಸುಪಾಸು. ಮನೆಯಲ್ಲಿ ಆಫೀಸ್ ಕೆಲಸಕ್ಕೆ ಅಂತ ಹೇಳಿದ್ದೇನೆ.

ಅಲ್ಲೇ ಒಂದು ಹಳೇ ಜಾಯ್‌ಸ್ಟಿಕ್ಕನ್ನೂ ಚೌಕಾಸಿ ಮಾಡಿ ಸಾವಿರದ ಐನೂರಕ್ಕೆ ತಂದೆ. ಅಂಗಡಿಯವನು "ಹೊಸದರ ಹಾಗೇ ಇದೆ ಸರ್" ಅಂದ. ಮನೆಗೆ ತಂದು ನೋಡಿದರೆ ನಟ್ಟನಡುವೆ ಬಿಟ್ಟಾಗಲೂ ಪಿಚ್ ಬೆಲೆ ಸೊನ್ನೆಯ ಆಚೀಚೆ ಚಿಮ್ಮುತ್ತಿತ್ತು. ಸಾದಾ ವಿಮಾನದಲ್ಲಿ ಇದು ಗೊತ್ತೇ ಆಗುವುದಿಲ್ಲ. ಪಿಐಡಿಯಲ್ಲಿ ಡಿ ಇದ್ದರೆ ಆ ಚಿಮ್ಮುವಿಕೆಯನ್ನೇ ಹತ್ತು ಪಟ್ಟು ಮಾಡಿ ಎಲಿವಾನ್‌ಗೆ ಕೊಡುತ್ತದೆ. ಇನ್ನೂರು ಮುನ್ನೂರು ರೂಪಾಯಿಯ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದ ಮೇಲೆ ಮುಕ್ಕಾಲು ಪಾಲು ಸರಿಹೋಯಿತು. ಉಳಿದದ್ದಕ್ಕೆ ಪಿಚ್ ಇನ್‌ಪುಟ್ಟನ್ನು ಬದಲಾವಣೆ ನಿಧಾನಗೊಳಿಸುವ ಸ್ಮೂತ್ ಫಂಕ್ಷನ್‌ನೊಳಗೆ ಹಾಕಿದೆ. ಹೊಸ ಜಾಯ್‌ಸ್ಟಿಕ್ ತಗೊಂಡಿದ್ದರೆ ಮೂರು ನಾಲ್ಕು ಸಾವಿರ. ಲೆಕ್ಕ ಹಾಕಿದರೆ ಲಾಭವೇ.

ಈ ನಡುವೆ ಬೇಜಾರಾಗಿ ಆಟದಲ್ಲಿ ಎಚ್‌ಎಎಲ್‌ನ ಹಳೇ ಯುದ್ಧವಿಮಾನ ಮಾರುತ್ ಒಂದನ್ನು ಕಟ್ಟಿದೆ. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂನಲ್ಲಿ ಒಂದು ನಿಂತಿದೆ, ಸುತ್ತ ನಡೆದು ಫೋಟೋ ತೆಗೆದುಕೊಂಡು ಬಂದೆ. ಜರ್ಮನಿಯ ಎಂಜಿನಿಯರ್ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ್ದು, 1961ರ ಜೂನ್ 17ಕ್ಕೆ ಬೆಂಗಳೂರಿನಲ್ಲೇ ಮೊದಲು ಹಾರಿದ್ದು. ಒಳ್ಳೆ ಮೈಕಟ್ಟು, ಎಂಜಿನ್ ಮಾತ್ರ ಬಡವ. ಬೇಕಾಗಿದ್ದ ದೊಡ್ಡ ಎಂಜಿನ್ ಕೊನೆಗೂ ಸಿಗದೆ ಎರಡು ಆರ್ಫಿಯಸ್ 703ರಲ್ಲೇ ಜೀವನ ಕಳೆಯಿತು. ಆಟದಲ್ಲಿ ಬಾಲ ಇರುವುದರಿಂದ ಸೂತ್ರ ಗೀತ್ರ ಏನೂ ಬೇಡ. ಕೆಂಪು ಮುಂದಿಟ್ಟೆ, ಮೊದಲ ಸಲವೇ ಬೆಣ್ಣೆ ಹಾಗೆ ಹಾರಿತು. ಎಂಜಿನ್ ಪವರ್ ಮಲ್ಟಿಪ್ಲೈಯರನ್ನು ಎರಡಕ್ಕೆ ಏರಿಸಿದೆ. ಆಗ ಅದು ಓಡಿದ ಓಟ ನೋಡಿ ಹೊಟ್ಟೆ ಉರಿಯಿತು. ಆ ಕಾಲದಲ್ಲಿ ಸರಿಯಾದ ಎಂಜಿನ್ ಒಂದು ಸಿಕ್ಕಿದ್ದರೆ!

ತೇಜಸ್‌ಗೆ ಬರೋಣ. ಈಗ ಅದೇ 600ರ ವೇಗದಲ್ಲಿ ಒಂದು ಸುತ್ತಿಗೆ 14 ಸೆಕೆಂಡ್, ಒಂದು ಹೆಚ್ಚು ಕಡಿಮೆ ಇರಬಹುದು. ಕಾಗದದ ಮೇಲೆ ಲೆಕ್ಕ ಹಾಕಿದರೆ ಏಳೂವರೆ ಜಿ (ಭೂಮಿಯ ಸೆಳೆತದ ಏಳೂವರೆ ಪಟ್ಟು) ಬರುತ್ತದೆ. ರನ್‌ವೇಯ ಅರ್ಧ ದಾಟುವುದರೊಳಗೆ ಚಕ್ರ ಬಿಡುತ್ತದೆ. ನಮ್ಮ ಗುಂಪಿನಲ್ಲಿ ಜೈರೋ ಇಲ್ಲದ ಡೆಲ್ಟಾಗಳಲ್ಲಿ ಇದಕ್ಕಿಂತ ಬೇಗ ತಿರುಗುವುದು ಇನ್ನೂ ಬಂದಿಲ್ಲ. ಬಂದರೆ ನೋಡೋಣ.

ಇಳಿಸುವಾಗ ಎರಡು ವಿಷಯ ನೆನಪಿರಲಿ. ಸ್ಟಿಕ್ ಬಿಟ್ಟರೆ ಮೂಗು ಇದ್ದಲ್ಲೇ ನಿಲ್ಲುವುದರಿಂದ, ವೇಗ ಇಳಿದರೂ ಸಾದಾ ವಿಮಾನದ ಹಾಗೆ ಮೂಗು ತಾನಾಗಿ ಬಗ್ಗಿ ಎಚ್ಚರಿಸುವುದಿಲ್ಲ. ಕಣ್ಣು ಐಎಎಸ್ ಮೇಲೇ ಇರಬೇಕು, ಎತ್ತರವನ್ನು ಥ್ರಾಟಲ್‌ನಲ್ಲೇ ಹಿಡಿಯಬೇಕು. ಇನ್ನೊಂದು, ಇಂಧನ ಹಿಂದೆ ಇರುವುದರಿಂದ ಅದು ಖರ್ಚಾದಂತೆ ಕೆಂಪು ಗುಂಡು ಮುಂದೆ ಬರುತ್ತದೆ. ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ನೀಲಿಯನ್ನು ದಾಟಿ ಮುಂದೆ ಹೋಗಿರುತ್ತದೆ. ಆಗ ಮತ್ತೆ ಅದೇ ಹಳೇ ಮೂಗುಭಾರದ ಡೆಲ್ಟಾ. ಅರ್ಧ ಟ್ಯಾಂಕ್‌ನಲ್ಲಿ 250ಕ್ಕೆ ಆರಾಮಾಗಿ ಇಳಿಯುವುದು ಕಾಲು ಟ್ಯಾಂಕ್‌ನಲ್ಲಿ 280, 290 ಕೇಳುತ್ತದೆ. ಆಟದ ವಿಮಾನವಾಹಕ ಯುಎಸ್‌ಎಸ್ ಬೀಸ್ಟ್ ಹಡಗಿನ ಮೇಲೆ ಇಳಿಸುವ ಆಸೆ ಇದ್ದರೆ ಅರ್ಧ ಟ್ಯಾಂಕ್ ಇರುವಾಗಲೇ ಬನ್ನಿ.