ಐವತ್ತೆಂಟಕ್ಕೋ, ಅರವತ್ತಕ್ಕೋ: ನನ್ನ ಪಿಎಫ್ ಪಿಂಚಣಿಯ ಲೆಕ್ಕ

ಬೆಳಗ್ಗೆ ಕುಂಬಳೆಯಲ್ಲಿ ರೈಲು ಹತ್ತಿ ಮಂಗಳೂರಿಗೆ ಹೋಗುವುದು, ಸಂಜೆಯ ರೈಲಿನಲ್ಲಿ ಮರಳುವುದು, ಹೀಗೆ ನನ್ನ ಇಪ್ಪತ್ತೇಳು ವರ್ಷಗಳು ಕಳೆದವು. 1998ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಒಂದು ಸಗಟು ವ್ಯಾಪಾರ ಸಂಸ್ಥೆಯ ಲೆಕ್ಕಪತ್ರ ವಿಭಾಗಕ್ಕೆ ಸೇರಿದ ನಾನು 2025ರ ಆಗಸ್ಟ್ ಕೊನೆಗೆ, ಅರವತ್ತು ತುಂಬಿದಾಗ, ಅಲ್ಲಿಂದಲೇ ನಿವೃತ್ತನಾದೆ. ಆದರೆ ಪಿಂಚಣಿಯ ಪ್ರಶ್ನೆ ಎದುರಾದದ್ದು ಅದಕ್ಕೂ ಎರಡು ವರ್ಷ ಮೊದಲು. ನೌಕರರ ಪಿಂಚಣಿ ಯೋಜನೆಯಲ್ಲಿ, ಅಂದರೆ 1995ರ ನವೆಂಬರ್ 16ರಿಂದ ಜಾರಿಯಲ್ಲಿರುವ ಇಪಿಎಸ್‌ನಲ್ಲಿ, ಐವತ್ತೆಂಟು ತುಂಬಿದ ಸದಸ್ಯನು ಕೆಲಸದಲ್ಲಿ ಮುಂದುವರಿಯುತ್ತಿದ್ದರೂ ಪಿಂಚಣಿಗೆ ಅರ್ಹನಾಗುತ್ತಾನೆ. ಬೇಕಿದ್ದರೆ ಅರವತ್ತರ ತನಕ ಮುಂದೂಡಬಹುದು. ಮುಂದೂಡಿದ ಪ್ರತಿ ವರ್ಷಕ್ಕೆ ಶೇಕಡಾ 4ರಷ್ಟು ಪಿಂಚಣಿ ಹೆಚ್ಚುತ್ತದೆ. ಈ ಮುಂದೂಡುವ ಅವಕಾಶ ಬಂದದ್ದು 2016ರಲ್ಲಿ. ಐವತ್ತರ ನಂತರ ಕೆಲಸ ಬಿಟ್ಟವರು ಅವಧಿಗೆ ಮೊದಲೇ ತೆಗೆದುಕೊಳ್ಳುವುದಕ್ಕೂ ದಾರಿಯಿದೆ, ಆದರೆ ಆಗ ಕಡಿಮೆ ಬಿದ್ದ ಪ್ರತಿ ವರ್ಷಕ್ಕೆ ಶೇಕಡಾ 4ರಂತೆ ಕಡಿತವಾಗುತ್ತದೆ, ಮತ್ತು ಆ ಕಡಿತ ಮುಂದೆ ಸರಿಹೋಗುವುದಿಲ್ಲ.

ಮುಂದೂಡುವುದೇ ಜಾಣತನ ಎಂದು ನನಗೆ ಮೊದಲು ಹೇಳಿದವರು ನನ್ನ ಭಾವ. ಅವರು ಕಾಸರಗೋಡಿನ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಕರಾಗಿದ್ದು ಕೇರಳ ಸರಕಾರದ ಪಿಂಚಣಿ ಪಡೆಯುತ್ತಿರುವವರು. “ಸಂಬಳ ಬರುತ್ತಿರುವಾಗ ಪಿಂಚಣಿಗೆ ಯಾಕೆ ಅವಸರ ಮಾಡುತ್ತೀರಿ ಭಾವ? ಎರಡು ವರ್ಷ ತಡೆದರೆ ಜೀವನಪೂರ್ತಿ ಹೆಚ್ಚು ಬರುತ್ತದಲ್ಲ” ಎಂದರು. ಮಾತು ನನಗೂ ಸರಿಯೆನಿಸಿತ್ತು. ಆದರೆ ವೃತ್ತಿಯಿಡೀ ಲೆಕ್ಕ ಬರೆದವನಾದ್ದರಿಂದ, ನನ್ನದೇ ವಿಷಯದಲ್ಲಿ ಲೆಕ್ಕ ಹಾಕದೆ ಒಪ್ಪಲು ಮನಸ್ಸಾಗಲಿಲ್ಲ.

ಮೊದಲ ಲೆಕ್ಕದಲ್ಲಿಯೇ ನಾನು ಎಡವಿದೆ. ಪಿಂಚಣಿಯ ಸೂತ್ರ ನಮ್ಮ ರೈಲಿನಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದೇ: ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಸಂಬಳದ ಮಿತಿ 15,000 ರೂಪಾಯಿ. ಐವತ್ತೆಂಟಕ್ಕೆ ನನ್ನ ಸೇವೆ 25 ವರ್ಷ, ಇಪ್ಪತ್ತು ವರ್ಷ ದಾಟಿದವರಿಗೆ ಸಿಗುವ ಎರಡು ವರ್ಷದ ಬೋನಸ್ ಸೇರಿದರೆ 27. ಹಾಗೆ ಲೆಕ್ಕ ಹಾಕಿದರೆ ತಿಂಗಳಿಗೆ 5,785 ರೂಪಾಯಿ ಬರಬೇಕು. ಮನೆಯಲ್ಲಿಯೂ ಅದನ್ನೇ ಹೇಳಿದ್ದೆ. ಆದರೆ 15,000ದ ಮಿತಿ ಬಂದದ್ದು 2014ರ ಸೆಪ್ಟೆಂಬರ್ 1ರಂದು. ಅದಕ್ಕಿಂತ ಹಿಂದಿನ ಸೇವೆಗೆ ಹಳೆಯ ಮಿತಿಯಾದ 6,500 ರೂಪಾಯಿಯನ್ನೇ ಹಿಡಿಯುತ್ತಾರೆ. ನನ್ನ 25 ವರ್ಷಗಳಲ್ಲಿ 16 ವರ್ಷ ಆ ಹಳೆಯ ಮಿತಿಯ ಕೆಳಗೆ ಬರುತ್ತವೆ, 9 ವರ್ಷ ಮಾತ್ರ ಹೊಸದಕ್ಕೆ. ಹದಿನಾರಕ್ಕೆ 1,486, ಒಂಬತ್ತಕ್ಕೆ 1,929, ಬೋನಸ್ ಸೇರಿ ಒಟ್ಟು 3,700ರ ಸುಮಾರು. ಇಷ್ಟು ವ್ಯತ್ಯಾಸ ಕಂಡಾಗ ಮನಸ್ಸಿಗೆ ಬೇಸರವಾಯಿತು. ನನ್ನ ವಯಸ್ಸಿನ ಎಷ್ಟೋ ಮಂದಿ ಇಂದಿಗೂ ಆ ದೊಡ್ಡ ಮೊತ್ತವನ್ನೇ ನಂಬಿಕೊಂಡಿದ್ದಾರೆ ಎಂಬುದರಿಂದ ಇದನ್ನು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಆ ದಿನಗಳಲ್ಲಿ ಸುಪ್ರೀಂ ಕೋರ್ಟಿನ 2022ರ ತೀರ್ಪಿನಿಂದಾಗಿ ಮಿತಿಯನ್ನು ಬಿಟ್ಟು ನಿಜ ಸಂಬಳದ ಮೇಲೆ ಲೆಕ್ಕ ಹಾಕುವ ಹೆಚ್ಚಿನ ಪಿಂಚಣಿಯ ಮಾತೂ ಬಹಳ ನಡೆದಿತ್ತು. ನಮ್ಮ ಸಂಸ್ಥೆ ಮಿತಿಯ ಸಂಬಳದ ಮೇಲೆ ಮಾತ್ರ ವಂತಿಗೆ ಕಟ್ಟುತ್ತಿದ್ದುದರಿಂದ ಆ ದಾರಿ ನನಗಿರಲಿಲ್ಲ.

ಇನ್ನೊಂದು ನಷ್ಟ ನಾನೇ ಮಾಡಿಕೊಂಡದ್ದು. 1996ರಿಂದ ಎರಡೂವರೆ ವರ್ಷ ಬೇರೊಂದು ಕಡೆ ದುಡಿದಿದ್ದೆ. ಅಲ್ಲಿಂದ ಬಿಡುವಾಗ ಪಿಎಫ್ ಜೊತೆಗೆ ಪಿಂಚಣಿಯ ಪಾಲನ್ನೂ 10ಸಿ ಅರ್ಜಿ ಕೊಟ್ಟು ಹಿಂಪಡೆದೆ. ಕೈಗೆ ಬಂದದ್ದು ಸಣ್ಣ ಮೊತ್ತ; ಅದು ಯಾವುದಕ್ಕೆ ಖರ್ಚಾಯಿತೆಂಬುದೂ ನೆನಪಿಲ್ಲ. ಅದೇ ಅರ್ಜಿಯಲ್ಲಿ ಹಣದ ಬದಲು ಸೇವಾವಧಿಯ ಪ್ರಮಾಣಪತ್ರ ಕೇಳಿದ್ದರೆ ಆ ವರ್ಷಗಳು ನನ್ನ ಲೆಕ್ಕಕ್ಕೆ ಸೇರುತ್ತಿದ್ದವು, ಇಂದು ತಿಂಗಳಿಗೆ ಇನ್ನೂ 230 ರೂಪಾಯಿ ಬರುತ್ತಿತ್ತು. ಕೆಲಸ ಬದಲಿಸುವ ಕಿರಿಯರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಈಗ ಮುಂದೂಡುವ ಲೆಕ್ಕಕ್ಕೆ ಬರುತ್ತೇನೆ. ಅದರಲ್ಲಿ ಎರಡು ಬಗೆ. ಐವತ್ತೆಂಟರ ನಂತರ ಪಿಂಚಣಿ ನಿಧಿಗೆ ವಂತಿಗೆ ಕಟ್ಟದೆ ಸುಮ್ಮನೆ ಕಾಯುವುದು ಒಂದು. ಹಾಗೆ ಎರಡು ವರ್ಷ ಕಾದರೆ ನನಗೆ ಹೆಚ್ಚುವುದು ತಿಂಗಳಿಗೆ 300 ರೂಪಾಯಿಯಷ್ಟು. ಕೈಬಿಡುವುದು ಇಪ್ಪತ್ತನಾಲ್ಕು ತಿಂಗಳ ಪಿಂಚಣಿ, 88,800. ಅದು ತುಂಬಿ ಬರಲು ಅರವತ್ತರಿಂದ ಮುಂದೆ ಇಪ್ಪತ್ತನಾಲ್ಕು ವರ್ಷಕ್ಕೂ ಹೆಚ್ಚು ಬೇಕು. ಇದನ್ನು ತಕ್ಷಣ ಬದಿಗಿಟ್ಟೆ.

ಎರಡನೆಯದು ವಂತಿಗೆ ಕಟ್ಟುತ್ತಲೇ ಮುಂದೂಡುವುದು. ಇದು ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿತು. ಸೇವೆಗೆ ಇನ್ನೆರಡು ವರ್ಷ ಸೇರುವುದರಿಂದ 430 ರೂಪಾಯಿ, ಅದರ ಮೇಲೆ ಎರಡು ವರ್ಷದ ಏರಿಕೆ, ಎಲ್ಲ ಸೇರಿ ಪಿಂಚಣಿ 4,460ರ ಹತ್ತಿರ ಬರುತ್ತದೆ. ಅಂದರೆ 760 ರೂಪಾಯಿ ಹೆಚ್ಚು. ಇದಕ್ಕೆ ಎದುರಾಗಿ 88,800 ಅಲ್ಲದೆ ಇನ್ನೊಂದು ಮೊತ್ತವನ್ನೂ ಹಿಡಿಯಬೇಕು. ಸಂಸ್ಥೆ ತನ್ನ ಪಾಲಿನಿಂದ ತಿಂಗಳಿಗೆ 1,250 ರೂಪಾಯಿಯನ್ನು ಪಿಂಚಣಿ ನಿಧಿಗೆ ಹಾಕುತ್ತಿತ್ತು. ಐವತ್ತೆಂಟಕ್ಕೆ ಪಿಂಚಣಿ ಶುರುಮಾಡಿದರೆ ಅದೂ ನನ್ನ ಪಿಎಫ್ ಖಾತೆಗೇ ಬರುತ್ತದೆ. ಎರಡು ವರ್ಷಕ್ಕೆ ಅದು 30,000. ಎರಡನ್ನೂ ಕೂಡಿಸಿ ಭಾಗಿಸಿದಾಗ, ಎಪ್ಪತ್ತಮೂರು ದಾಟಿದರೆ ಮುಂದೂಡಿದ್ದು ಲಾಭ ಎಂಬ ಉತ್ತರ ಬಂತು. ನಮ್ಮ ತಂದೆ ಎಂಬತ್ತೆರಡರ ತನಕ ಇದ್ದವರು. ಆದ್ದರಿಂದ ಭಾವ ಹೇಳಿದ್ದೇ ಸರಿಯೆಂದು ಸುಮಾರು ಒಂದು ತಿಂಗಳು ನಂಬಿದ್ದೆ.

ಆ ನಂಬಿಕೆ ಕದಲಿದ್ದು ಭಾವನ ಪಿಂಚಣಿ ಚೀಟಿಯನ್ನು ನೋಡಿದಾಗ. ಅದರಲ್ಲಿ ತುಟ್ಟಿಭತ್ಯೆಯ ಸಾಲಿತ್ತು. ನನ್ನ ಪಿಂಚಣಿಗೆ ತುಟ್ಟಿಭತ್ಯೆಯಿಲ್ಲ; ಮೊದಲ ತಿಂಗಳು ಬಂದಷ್ಟೇ ಇಪ್ಪತ್ತು ವರ್ಷದ ನಂತರವೂ ಬರುತ್ತದೆ. ಹಾಗಾದರೆ ಎಪ್ಪತ್ತಮೂರರಲ್ಲಿ ನನ್ನ ಕೈಗೆ ಬರುವ 760 ರೂಪಾಯಿಗೆ ಇಂದಿನ ಬೆಲೆ ಇರುವುದಿಲ್ಲ, ಈಗಲೇ ಬರುವ ಹಣವಾದರೋ ಬಡ್ಡಿ ದುಡಿಯುತ್ತದೆ. ಯಾವ ವಯಸ್ಸಿಗೆ ಸರಿದೂಗುತ್ತದೆ ಎಂದು ಕೇಳುವುದನ್ನು ಬಿಟ್ಟು, ಬಿಟ್ಟುಕೊಡುವ ಹಣ ನನ್ನಲ್ಲಿಯೇ ಇದ್ದರೆ ತಿಂಗಳಿಗೆ ಎಷ್ಟು ತರುತ್ತದೆ ಎಂದು ಕೇಳಿಕೊಂಡೆ. ಎರಡು ವರ್ಷದ ಬಡ್ಡಿಯೂ ಸೇರಿ ಆ ಮೊತ್ತ ಸುಮಾರು 1,27,000 ಆಗುತ್ತದೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಶೇಕಡಾ 8.2ರ ಬಡ್ಡಿಗೆ ಅದು ತಿಂಗಳಿಗೆ ಸುಮಾರು 868 ರೂಪಾಯಿ ತರುತ್ತದೆ. ಮುಂದೂಡಿದರೆ ಸಿಗುವ 760ಕ್ಕಿಂತ ಇದು ಹೆಚ್ಚು, ಅಸಲೂ ಹಾಗೆಯೇ ಉಳಿಯುತ್ತದೆ. ಮುಂದೆ ಬಡ್ಡಿದರ ಶೇಕಡಾ 7.2ಕ್ಕಿಂತ ಕೆಳಗಿಳಿದರೆ ತಿಂಗಳ ಆದಾಯದಲ್ಲಿ ಸ್ವಲ್ಪ ಕೊರತೆಯಾದೀತು, ಆಗಲೂ ಅಸಲು ನಮ್ಮದೇ.

ಈ ಅಸಲಿನ ಮಾತು ನನಗೆ ಮುಖ್ಯವಾದದ್ದು ನನ್ನ ಹೆಂಡತಿಯ ಕಾರಣಕ್ಕೆ. ಅವಳು ನನಗಿಂತ ಆರು ವರ್ಷ ಚಿಕ್ಕವಳು, ಅವಳಿಗೆ ಬೇರೆ ಆದಾಯವಿಲ್ಲ. ನನ್ನ ನಂತರ ಅವಳಿಗೆ ಬರುವುದು ನನ್ನ ಪಿಂಚಣಿಯ ಅರ್ಧ. ಮುಂದೂಡಿದ್ದರೆ ಆ ಅರ್ಧದಲ್ಲಿ 380 ರೂಪಾಯಿ ಹೆಚ್ಚುತ್ತಿತ್ತು. ಮುಂದೂಡದಿದ್ದರೆ ಒಂದು ಲಕ್ಷಕ್ಕೂ ಮೀರಿದ ಹಣ ಅವಳ ಹೆಸರಿನಲ್ಲಿ ಉಳಿಯುತ್ತದೆ. ಎರಡನ್ನೂ ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. “ಹಣ ಬ್ಯಾಂಕಿನಲ್ಲಿದ್ದರೆ ಆಸ್ಪತ್ರೆಗೆಂದು ಒಂದೇ ಸಲ ತೆಗೆಯಬಹುದು, ಪಿಂಚಣಿಯನ್ನು ಹಾಗೆ ತೆಗೆಯಲು ಆಗುತ್ತದೆಯೇ?” ಎಂದು ಕೇಳಿದಳು. ನಿರ್ಧಾರ ಅಲ್ಲಿಗೆ ಮುಗಿಯಿತು. ತಿಂಗಳ ಪಿಂಚಣಿಯನ್ನು ಮನೆಖರ್ಚಿಗೆ ಸೇರಿಸದೆ ತೆಗೆದಿಡಬಲ್ಲವರಿಗೆ ಮಾತ್ರ ಈ ಲೆಕ್ಕ ಕೂಡಿ ಬರುತ್ತದೆ. ಬಂದದ್ದೆಲ್ಲ ಕರಗಿಹೋಗುವ ಮನೆಯಾದರೆ ವಂತಿಗೆ ಕಟ್ಟುತ್ತ ಮುಂದೂಡುವುದೇ ಮೇಲು ಎಂದು ನಾನು ಹೇಳುತ್ತೇನೆ.

ಪಿಂಚಣಿ ಕೇಳುವ 10ಡಿ ಅರ್ಜಿ ಹಾಕುವ ಮೊದಲು ದಾಖಲೆಗಳಲ್ಲಿ ಹೆಸರು ಸರಿಪಡಿಸಲು ಎರಡೂವರೆ ತಿಂಗಳು ಹಿಡಿಯಿತು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ನಮ್ಮ ಕಡೆಯ ರೂಢಿಯಂತೆ ಮನೆಯ ಹೆಸರಿನ ಇನಿಷಿಯಲ್, ಆಧಾರಿನಲ್ಲಿ ಅದರ ಪೂರ್ಣರೂಪ, ಪಿಎಫ್ ದಾಖಲೆಯಲ್ಲಿ ಮಂಗಳೂರಿನ ರೂಢಿಯಂತೆ ಕುಲನಾಮ. ಗಡಿಯ ಈಚೆ ಹುಟ್ಟಿ ಆಚೆ ದುಡಿದ ಎಷ್ಟೋ ಮಂದಿಗೆ ಈ ತೊಡಕಿದೆ. ಪಿಎಫ್ ದಾಖಲೆ ತಿದ್ದಲು ಬೇಕಾದ, ಸಂಸ್ಥೆಯ ಸಹಿ ಇರುವ ಜಂಟಿ ಘೋಷಣೆಯನ್ನು ಐವತ್ತೇಳಕ್ಕೇ ಕೊಟ್ಟಿರುವುದು ಒಳ್ಳೆಯದು.

2023ರ ಸೆಪ್ಟೆಂಬರಿನಿಂದ ಲೆಕ್ಕ ಹಿಡಿದು ಪಿಂಚಣಿ ಬಂತು. ಅಷ್ಟನ್ನೂ ಎರಡು ವರ್ಷ ಬ್ಯಾಂಕಿನ ಆರ್‌ಡಿಗೆ ಹಾಕಿದೆ. 2025ರ ಅಕ್ಟೋಬರಿನಲ್ಲಿ ಅದನ್ನೂ ಪಿಎಫ್‌ನಿಂದ ಬಂದ ಆ ಪಾಲನ್ನೂ ಸೇರಿಸಿ, ಇಬ್ಬರ ಹೆಸರಿನ ಜಂಟಿ ಖಾತೆಯಾಗಿ ಅಂಚೆ ಕಚೇರಿಯಲ್ಲಿಟ್ಟೆವು. ಪಾಸ್‌ಬುಕ್ ಅವಳ ಕಪಾಟಿನಲ್ಲಿದೆ.