ಇಂಗ್ಲಿಷಿನಲ್ಲಿ ‘ರೀ’ ಎಲ್ಲಿ ಹಾಕಬೇಕು?

ಮುಂಬೈಯ ಮಾಟುಂಗದಲ್ಲಿ ಭಾನುವಾರ ನಾನು ನಡೆಸುವ ಇಂಗ್ಲಿಷ್ ತರಗತಿಗೆ ಹೋಟೆಲ್ ಕ್ಯಾಷಿಯರು, ಬ್ಯಾಂಕಿನ ಕ್ಲಾರ್ಕು, ಅಂಧೇರಿ ಕಡೆ ಕೆಲಸಕ್ಕೆ ಹೋಗುವ ಹುಡುಗರು ಬರುತ್ತಾರೆ. ಮೊದಲ ದಿನ ವ್ಯಾಕರಣ ಮುಟ್ಟುವುದಿಲ್ಲ. ‘ಎರಡು ದಿನ ರಜೆ ಬೇಕು’ ಎಂಬ ಒಂದೇ ಮಾತನ್ನು ನಾಲ್ಕು ಸಲ ಹೇಳಿಸುತ್ತೇನೆ: ಜೊತೆಗಾರನಿಗೆ ಬಾಯಲ್ಲಿ, ಮ್ಯಾನೇಜರ್‌ಗೆ ಬಾಯಲ್ಲಿ, ಅದೇ ಮ್ಯಾನೇಜರ್‌ಗೆ ವಾಟ್ಸಾಪಿನಲ್ಲಿ, ಹೆಡ್ ಆಫೀಸಿಗೆ ಈಮೇಲಿನಲ್ಲಿ. ನಾಲ್ಕೂ ಕಡೆ ಬರುವುದು ಹೆಚ್ಚುಕಮ್ಮಿ ಒಂದೇ: ‘ಸರ್, ಪ್ಲೀಸ್ ಗಿವ್ ಮಿ ಟೂ ಡೇಸ್ ಲೀವ್.’ ಜೊತೆಗಾರನಿಗೂ ಸರ್!

ಕನ್ನಡದಲ್ಲಿ ಮರ್ಯಾದೆ ಇರುವುದು ಕ್ರಿಯಾಪದದ ಬಾಲದಲ್ಲಿ. ಕೊಡು, ಕೊಡಿ, ಕೊಡ್ರಿ, ಕೊಡ್ತೀರಾ. ತುಳುವರಿಗೆ ‘ಈ’ (ನೀನು) ಬೇರೆ, ‘ಈರ್’ (ನೀವು) ಬೇರೆ. ಇಂಗ್ಲಿಷಿನಲ್ಲೂ ‘ದೌ’ (ನೀನು), ‘ಯೂ’ (ನೀವು) ಎಂದು ಎರಡಿದ್ದವು. 17ನೇ ಶತಮಾನದ ಹೊತ್ತಿಗೆ ‘ದೌ’ ಸಾಮಾನ್ಯ ಬಳಕೆಯಿಂದ ಬಹುಮಟ್ಟಿಗೆ ಬಿದ್ದುಹೋಯಿತು. ಈಗ ಕ್ಲೀನರ್‌ಗೂ ಯೂ, ಕಮಿಷನರ್‌ಗೂ ಯೂ. ಖಾಲಿ ಬಿದ್ದ ಆ ಜಾಗಕ್ಕೆ ನಮ್ಮವರು ಸರ್, ಪ್ಲೀಸ್, ಕೈಂಡ್ಲಿ ತುಂಬುತ್ತಾರೆ. ಆದರೆ ‘ಕೈಂಡ್ಲಿ ಗಿವ್’ ಅಂದರೂ ಆಜ್ಞೆಯೇ, ಹೂ ಮುಡಿಸಿದ ಆಜ್ಞೆ.

ಅದಕ್ಕೆ ಬೋರ್ಡಿನ ಮೇಲೆ ಮೆಟ್ಟಿಲು ಬರೆಯುತ್ತೇನೆ. ಕೆಳಗೆ ‘ಕೆನ್ ಐ ಟೇಕ್ ಟೂ ಡೇಸ್ ಆಫ್?’, ಅದರ ಮೇಲೆ ‘ಕುಡ್ ಐ ಟೇಕ್’, ತುದಿಯಲ್ಲಿ ‘ಐ ವಾಸ್ ವಂಡರಿಂಗ್ ಇಫ್ ಐ ಕುಡ್ ಟೇಕ್’. ರಜೆ ಬೇಕಿರುವುದು ನಾಳೆ, ‘ವಾಸ್’ ಯಾಕೆ ಅಂತ ಕೇಳುತ್ತಾರೆ. ನಾವು ಯಜಮಾನರ ಹತ್ತಿರ ‘ರಜೆ ಸಿಗಬಹುದಾ ಕೇಳೋಣ ಅಂತ ಬಂದೆ’ ಅನ್ನುವುದಿಲ್ಲವೇ? ಆ ‘ಬಂದೆ’ ಮಾಡುವ ಕೆಲಸವನ್ನೇ ‘ವಾಸ್’ ಮಾಡುತ್ತದೆ: ಒಂದು ಹೆಜ್ಜೆ ಹಿಂದೆ ನಿಂತು, ಇಲ್ಲ ಎನ್ನಲು ಎದುರಿನವರಿಗೆ ಜಾಗ ಬಿಡುತ್ತದೆ.

ಕಲಿತ ಮೇಲೆ ಎಲ್ಲ ಕಡೆ ತುದಿ ಮೆಟ್ಟಿಲನ್ನೇ ಹತ್ತುವುದು ಎರಡನೇ ವಾರದ ಕಾಯಿಲೆ. ಪಕ್ಕದಲ್ಲಿ ಕೂತವನಿಗೆ ‘ಐ ವಾಸ್ ವಂಡರಿಂಗ್ ಇಫ್ ಯು ಕುಡ್ ಪಾಸ್ ದ ಚಟ್ನಿ’ ಅಂದರೆ ಜಗಳಕ್ಕೆ ಬಂದಂತೆ ಕೇಳಿಸುತ್ತದೆ. ಅಳೆಯಬೇಕಾದದ್ದು ಎರಡು: ಮನುಷ್ಯ ಎಷ್ಟು ದೂರದವನು, ಕೇಳುವುದು ಎಷ್ಟು ದೊಡ್ಡದು. ಸಾಹೇಬರ ಸಹಿಗೆ ‘ಕುಡ್ ಯು ಸೈನ್ ಹಿಯರ್?’ ಸಾಕು. ಜೀವದ ಗೆಳೆಯನಾದರೂ 10,000 ರೂಪಾಯಿ ಸಾಲ ಕೇಳುವಾಗ ತುದಿಗೇ ಹತ್ತಬೇಕು.

ಉಚ್ಚಾರಣೆಯೂ ಹೀಗೆಯೇ. 1962ರಲ್ಲಿ ಭಾಷಾವಿಜ್ಞಾನಿ ವಿಲಿಯಂ ಲಬಾವ್ ನ್ಯೂಯಾರ್ಕಿನ ಮೂರು ಅಂಗಡಿಗಳಲ್ಲಿ ‘ಫೋರ್ತ್ ಫ್ಲೋರ್’ ಎಂಬ ಉತ್ತರ ಬರುವಂಥ ಪ್ರಶ್ನೆ ಕೇಳುತ್ತಾ ಹೋದರು. ಅದರಲ್ಲಿ ‘ರ್’ ಒಮ್ಮೆಯಾದರೂ ಕೇಳಿಸಿದ್ದು ದುಬಾರಿಯ ಸ್ಯಾಕ್ಸ್‌ನಲ್ಲಿ ಶೇ. 62 ಜನರಲ್ಲಿ, ಮೇಸೀಸ್‌ನಲ್ಲಿ ಶೇ. 51, ಅಗ್ಗದ ಕ್ಲೈನ್‌ನಲ್ಲಿ ಶೇ. 20. ಉತ್ತರಿಸಿದವರು ಅಂಗಡಿಯ ನೌಕರರು, ಗಿರಾಕಿಗಳಲ್ಲ. ಅಂದರೆ ಗಿರಾಕಿ ಎಂಥವರೋ ನೌಕರರ ಮಾತೂ ಅದಕ್ಕೆ ತಕ್ಕಂತೆ. ಎಸಿ ಸೆಕ್ಷನ್ನಿನಲ್ಲಿ ಬಡಿಸುವವರ ಇಂಗ್ಲಿಷ್ ಹೊರಗಿನ ಹಾಲಿಗಿಂತ ಬೇರೆ ಯಾಕೆ ಅಂತ ಕೇಳಿದವರಿಗೆ ಇದನ್ನೇ ಹೇಳುತ್ತೇನೆ.

ಬರವಣಿಗೆಗೆ ಫೋನ್ ಬೇಕು. ಫ್ಲ್ಯಾಟಿನ ಲೀಕೇಜ್ ಬಗ್ಗೆ ಎರಡು ನಿಮಿಷ ಮಾತಾಡಿ, ರೆಕಾರ್ಡ್ ಮಾಡಿ, ಒಂದಕ್ಷರ ಬಿಡದೆ ಇಳಿಸಬೇಕು. ‘ವಾಟರ್ ಈಸ್ ಕಮಿಂಗ್ ಫ್ರಮ್ ದೇರ್ ಓನ್ಲಿ, ನೋ? ಸೋ ಐ ಟೋಲ್ಡ್ ಹಿಮ್.’ ‘ದೇರ್’ ಅಂದಾಗ ಬೆರಳು ತೋರಿಸಿತ್ತು. ‘ಹಿಮ್’ ಯಾರೆಂದು ಕೇಳುವವನಿಗೆ ಗೊತ್ತಿತ್ತು. ಕಾಗದಕ್ಕೆ ಬೆರಳಿಲ್ಲ. ಇಂಥ ಪ್ರತಿ ಪದಕ್ಕೂ ಕೆಂಪು ಗೆರೆ ಎಳೆದು ಅಲ್ಲಿ ಫ್ಲ್ಯಾಟ್ ನಂಬರು, ತಾರೀಖು, ಹೆಸರು ಹಾಕಿಸುತ್ತೇನೆ. ‘ಓನ್ಲಿ’ ನಮ್ಮ ‘ಅಲ್ಲಿಂದಲೇ’ಯ ಏಕಾರ. ಮುಂಬೈಯಲ್ಲಿ ಬಾಯಿಮಾತಿಗೆ ಅದು ಸಲ್ಲುತ್ತದೆ, ಅಲ್ಲಿ ತಿದ್ದುವುದಿಲ್ಲ. ಪತ್ರದಲ್ಲಿ ಮಾತ್ರ ತೆಗೆಸುತ್ತೇನೆ.

ಕೊನೆಗೆ ಉಳಿಯಬೇಕಾದದ್ದು ಐದಾರು ವಾಕ್ಯ, ಕೇಳಿಕೆ ಮೊದಲನೆಯದರಲ್ಲೇ. ‘ಡೂ ದ ನೀಡ್‌ಫುಲ್’ ಹಳೆಯ ಕಚೇರಿಯ ಫೈಲಿನಿಂದ ಉಳಿದ ಮಾತು. ಯಾರು, ಏನು, ಯಾವಾಗ ಎಂಬ ಮೂರನ್ನೂ ಅದು ನುಂಗುತ್ತದೆ. ‘ಪ್ಲೀಸ್ ಸೆಂಡ್ ಎ ಪ್ಲಂಬರ್ ಬೈ ಫ್ರೈಡೇ’ ಅಂತ ಬರೆಸುತ್ತೇನೆ. ಇಲ್ಲಿ ಆಜ್ಞೆ ನಡೆಯುತ್ತದೆ, ಮೆಂಟೆನೆನ್ಸ್ ಕಟ್ಟಿದವರ ಹಕ್ಕು ಅದು.

ವಾಟ್ಸಾಪ್ ಬಾಯಿಗೂ ಕಾಗದಕ್ಕೂ ನಡುವಿನದು. ‘ಹಾಯ್ ಸರ್’ ಕಳಿಸಿ ಕಾಯಬೇಡಿ, ವಿಷಯವೂ ಅದೇ ಮೆಸೇಜಿನಲ್ಲಿರಲಿ. ಮ್ಯಾನೇಜರ್ ಬರೀ ‘ಓಕೆ’ ಅಂದರೆ ಸಿಟ್ಟೆಂದು ತಿಳಿಯಬೇಡಿ. ನೀವು ಅವರಿಗೆ ಬರೀ ‘ಓಕೆ’ ಕಳಿಸಿದರೆ ಅವರು ಹಾಗೆ ತಿಳಿಯಬಹುದು. ಹಿಂದೊಂದು ‘ಸರ್’ ಇರಲಿ.