ಒದ್ದೆ ಮಣ್ಣಲ್ಲಿ ಬಾಡಿದ ಬದನೆ

ಭೂಮಿ ಹುಣ್ಣಿಮೆಯ ಹಿಂದಿನ ದಿನ, ಹೊಲಕ್ಕೆ ಬೀರುವ ಎಡೆಯಾದ ಚರಗಕ್ಕೆ ಬೆರಕೆ ಸೊಪ್ಪು ಕೊಯ್ಯಲು ಹಿತ್ತಲಿಗೆ ಇಳಿದಿದ್ದೆ. ಬದನೆ ಸಾಲಿನಲ್ಲಿ ಎರಡು ಗಿಡ ತಲೆ ಜೋತು ಹಾಕಿಕೊಂಡು ನಿಂತಿದ್ದವು. ಕೈ ತಾನಾಗೇ ಕೊಡಪಾನದ ಕಡೆ ಹೋಯಿತು.

ಹಾಗೆ ಹೋಗುವಂತೆ ಮಾಡಿದ್ದು ಆ ವರ್ಷದ ಬೇಸಿಗೆ. 2023ರ ಮುಂಗಾರು ಕೈಕೊಟ್ಟಿತ್ತು. 2024ರ ಏಪ್ರಿಲ್ ಹೊತ್ತಿಗೆ ಹೊಸನಗರ ಸೀಮೆಯ ನಮ್ಮ ಬಾವಿಯಲ್ಲಿ ಕೊಡ ಮುಳುಗುವಷ್ಟೂ ನೀರಿರಲಿಲ್ಲ. ಅಕ್ಕಿ ತೊಳೆದ ನೀರನ್ನೂ ಚೊಂಬಿನಲ್ಲಿ ಅಳೆದು ಹಾಕುತ್ತಿದ್ದೆ. ತೊಂಡೆ ಒಣಗಿತು, ಹರಿವೆ ಹೋಯಿತು, ಬಚ್ಚಲ ನೀರು ಕುಡಿಯುತ್ತಿದ್ದ ಬಸಳೆ ಚಪ್ಪರ ಒಂದು ಉಳಿಯಿತು. ಎಲೆ ಜೋತರೆ ನೀರು ಹಾಕು: ನಾಲ್ಕು ತಿಂಗಳು ಕಣ್ಣಿಗೆ ರೂಢಿಯಾದದ್ದು ಇಷ್ಟೇ.

ಆಷಾಢದಲ್ಲಿ ಮಳೆ ಸೇಡು ತೀರಿಸಿಕೊಳ್ಳುವಂತೆ ಹೊಯ್ಯಿತು. ಬಿಸಿಲಿಗೆ ಇಟ್ಟಿಗೆಯಾಗಿದ್ದ ಜಂಬಿಟ್ಟಿಗೆ ಮಣ್ಣು ನೀರು ಹೀರದೆ ಮೇಲ್ಮಣ್ಣನ್ನೇ ಚರಂಡಿಗೆ ಕಳಿಸಿತು. ದರಗು (ಒಣ ಎಲೆ) ಹೊದೆಸದೆ ನೆಲವನ್ನು ಬೋಳು ಬಿಟ್ಟದ್ದು ನನ್ನದೇ ಸೋಮಾರಿತನ. ಆಗಸ್ಟ್ ಕೊನೆಗೆ ಮಡಿ ಎತ್ತರಿಸಿ, ಕೊಟ್ಟಿಗೆ ಗೊಬ್ಬರ ಕೊಟ್ಟು ನಮ್ಮೂರ ಗೆರೆ ಬದನೆ ನೆಟ್ಟೆ. ಹಸ್ತಾ ಮಳೆ ಮುಗಿಯುವಾಗ ಗಿಡ ಮೊಣಕಾಲೆತ್ತರ.

ಬಾಡಿದ್ದಕ್ಕೆ ಎರಡು ದಿನ ನೀರು ಹೊಯ್ದೆ. ಮೂರನೇ ದಿನ ಐದು ಗಿಡ ಬಾಡಿದ್ದವು. ಎಲೆ ಹಳದಿಯಾಗಿಲ್ಲ, ಹುಳವಿಲ್ಲ, ಬುಡದ ಮಣ್ಣು ಹಿಂಡಿದರೆ ಉಂಡೆಯಾಗುವಷ್ಟು ಒದ್ದೆ. ಸಂಜೆಗೆ ಸ್ವಲ್ಪ ಚೇತರಿಸಿ ಬಿಸಿಲೇರಿದಾಗ ಮತ್ತೆ ಸೋತು ಬೀಳುತ್ತಿದ್ದವು. ಪಕ್ಕದ ತೋಟದವರು ನೋಡಿ, "ಕಾಂಡ ಕೊಯ್ದು ಗ್ಲಾಸಿನ ನೀರಲ್ಲಿ ತೂಗುಹಾಕಿ ನೋಡ್ರಿ" ಅಂದರು. ಬುಡದ ಹತ್ತಿರ ಒಂದು ಗೇಣು ಕೊಯ್ದು ತುದಿ ಮಾತ್ರ ಮುಳುಗುವಂತೆ ಹಿಡಿದೆ. ಕೆಲವೇ ನಿಮಿಷದಲ್ಲಿ ಕೊಯ್ದ ಬಾಯಿಂದ ಹಾಲಿನ ಎಳೆಯಂಥದ್ದು ಕೆಳಗಿಳಿಯಿತು. ಅಂದರೆ ಇದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ನೀರೇರುವ ನಾಳಗಳನ್ನೇ ರೋಗಾಣು ಕಟ್ಟಿಬಿಡುತ್ತದೆ, ಬುಡದಲ್ಲಿ ಕೆರೆಯಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಅದು ಮಣ್ಣಲ್ಲಿದ್ದು ಹರಿವ ನೀರಿನ ಜೊತೆ ಸಾಗುವಂಥದ್ದು. ಹಾಗಾಗಿ ನಾನು ಪ್ರೀತಿಯಿಂದ ಸಾಲುದ್ದಕ್ಕೂ ಬಿಟ್ಟ ನೀರು ಉಪಕಾರ ಮಾಡಿರಲಿಕ್ಕಿಲ್ಲ.

ಬಾಡಿದವನ್ನು ಬುಡದ ಮಣ್ಣಿನ ಸಮೇತ ಕಿತ್ತೆ. ಮಣ್ಣನ್ನು ಬೇರೆ ಕಡೆ ಆಳಕ್ಕೆ ಹೂತು, ಗಿಡಗಳನ್ನು ಒಣಗಿಸಿ ಬಚ್ಚಲೊಲೆಗೆ ಹಾಕಿದೆ, ಗೊಬ್ಬರಗುಂಡಿಗೆ ಹಾಕಲಿಲ್ಲ. ಗುದ್ದಲಿ, ಕತ್ತಿ ಎರಡಕ್ಕೂ ಕುದಿಯುವ ನೀರು. ನಮ್ಮದು ಹುಳಿ ಮಣ್ಣು, ಮಳೆಗೆ ಸುಣ್ಣದಂಶ ತೊಳೆದುಹೋಗಿರುತ್ತದೆ. ಚದರ ಮೀಟರಿಗೆ ಸುಮಾರು 200 ಗ್ರಾಂ ಕೃಷಿ ಸುಣ್ಣ ಬೆರೆಸಿ, ಎರಡು ವಾರ ಬಿಟ್ಟು ಗೊಬ್ಬರ ಕೊಟ್ಟೆ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಒಂದಷ್ಟು ಗಾಳಿಗೆ ಹೋಗಬಹುದು. ಆ ಮಡಿಗೆ ಮೂಲಂಗಿ, ಹರಿವೆ, ಅಲಸಂದೆ ಬಿತ್ತಿದೆ. ಇದೇ ರೋಗ ತಾಗುವ ಟೊಮೆಟೊ, ಹಸಿಮೆಣಸು, ಬದನೆ ಅಲ್ಲಿಗೆ ಸದ್ಯ ಬೇಡ.

ಸೊರಗು ತಡೆಯುವ ಅರ್ಕಾ ಕೇಶವ್ ಬದನೆ ತಳಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯದು, ಅದನ್ನೇ ಹಾಕಬಹುದಿತ್ತು. ಆದರೆ ಗೆರೆ ಬದನೆಯ ಎಣ್ಣೆಗಾಯಿ ತಿಂದ ನಾಲಿಗೆ ಕೇಳಬೇಕಲ್ಲ! ಬೇಲಿ ಬದಿ ತಾನಾಗಿ ಹುಟ್ಟುವ, ಬದನೆಯ ಕಾಡು ನೆಂಟ ಸುಂಡೆಗೆ ಈ ರೋಗ ಸುಲಭಕ್ಕೆ ತಾಗುವುದಿಲ್ಲವಾದ್ದರಿಂದ ಅದರ ಬೇರಿನ ಮೇಲೆ ಕಸಿ ಕಟ್ಟಲು ಹೊರಟೆ. ಜಗಲಿ ಕುಂಡದಲ್ಲಿದ್ದ ಗೆರೆ ಬದನೆಯ ಕುಡಿಯನ್ನು ಬೆಣೆಯಂತೆ ಕೆತ್ತಿ, ಪೆನ್ಸಿಲ್ ದಪ್ಪದ ಸುಂಡೆ ಕಾಂಡದ ಸೀಳಿಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಪಾರದರ್ಶಕ ಚೀಲ ಮುಚ್ಚಿ ಹತ್ತು ದಿನ ನೆರಳಲ್ಲಿಟ್ಟೆ. ಆರರಲ್ಲಿ ಎರಡು ಕೊಳೆತವು. ಚೀಲದೊಳಗೆ ನೀರು ಜಾಸ್ತಿ ಚಿಮುಕಿಸಿದ್ದೆ, ಚಟ ಬಿಡಬೇಕಲ್ಲ.

ಉಳಿದ ನಾಲ್ಕು ಈಗ ಹೊಸ ಜಾಗದಲ್ಲಿ, ಬುಡಕ್ಕೆ ಅಡಿಕೆ ಸೋಗೆ ಹೊದ್ದು ನಿಂತಿವೆ. ಸಂಕ್ರಾಂತಿ ಹೊತ್ತಿಗೆ ಬಿಟ್ಟ ಮೊದಲ ಎರಡು ಕಾಯಿ ಮಂಗ ತಿಂದಿತು. ಮೂರನೆಯದಕ್ಕೆ ಹಳೇ ಸೀರೆಯ ತುಂಡು ಕಟ್ಟಿದ್ದೇನೆ.